ಸಂಗ್ರಾಹಕನ ಮೂರು ಊಟ

“ಗುರುಗಳೇ, ದಾನ ಸಂಗ್ರಹದ ಕೆಲಸದಲ್ಲಿ ಮೇಲೆ ಬರುವುದು ಹೇಗೆ?” ಎಂದು ಶಂಭುಲಿಂಗ ಕೇಳಿದ.

ಅವನು ಮಠದ ಶಿಷ್ಯ. ಓದುವ ಬಡ ಮಕ್ಕಳಿಗಾಗಿ ಮಠದವರು ನಡೆಸುತ್ತಿದ್ದ ಪ್ರಸಾದ ನಿಲಯಕ್ಕೆ ಎರಡು ವರ್ಷದಿಂದ ಊರೂರು ತಿರುಗಿ ದವಸ, ದೇಣಿಗೆ ಕೂಡಿಸಿ ತರುತ್ತಿದ್ದ. ಕೆಲಸ ಕೈಗೆ ಹತ್ತಿತ್ತು. ಮುಂದಿನ ಹತ್ತು ವರ್ಷಗಳಲ್ಲಿ ತಾನು ಯಾವ ಯಾವ ಹುದ್ದೆಗೆ ಏರಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಗುರುಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಅಕ್ಷರ ದುಂಡಾಗಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸಂಗ್ರಾಹಕನಿದ್ದ. ಅಂಧ ಮಕ್ಕಳ ಒಂದು ಶಾಲೆಯಲ್ಲಿ ಅವನಿಗೆ ಮೊದಲ ಕೆಲಸ ಸಿಕ್ಕಿತು. ಸೇರಿದ ದಿನವೇ ಮುಖ್ಯ ಮೇಷ್ಟ್ರು ಮಕ್ಕಳ ಜೊತೆ ಊಟಕ್ಕೆ ಕರೆದರು. ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಅವನು ಪೇಟೆಗೆ ಹೊರಟ. ಸಮಯ ಹಾಳುಮಾಡುವ ಸ್ವಭಾವ ಅವನದಲ್ಲ.

ಪೇಟೆಯಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಸ್ವಂತ ಗಿರಣಿಯವನು. ಸಂಗ್ರಾಹಕ ಅವನೆದುರು ಕುಳಿತು ಮಕ್ಕಳ ಕಷ್ಟವನ್ನು ಹೇಳಿದ. ಕೇಳುತ್ತ ಕೇಳುತ್ತ ವ್ಯಾಪಾರಿಯ ಕಣ್ಣು ಒದ್ದೆಯಾಯಿತು. ತಿಂಗಳಿಗೆ ಒಂದು ಡಬ್ಬ ಕಡಲೆಕಾಯಿ ಎಣ್ಣೆಯನ್ನು ತಾನು ಇರುವವರೆಗೂ ಕಳಿಸುತ್ತೇನೆ ಎಂದು ಮಾತು ಕೊಟ್ಟ. ಶಾಲೆಯವರು ಸಂಗ್ರಾಹಕನಿಗೆ ಹಾರ ಹಾಕಿದರು.

ಮೂರು ವರ್ಷ ಕಳೆಯಿತು. ಆ ಶಾಲೆ ಚಿಕ್ಕದು. ಅಲ್ಲಿ ಏರುವುದಕ್ಕೆ ಮೇಲೆ ಹುದ್ದೆಯೇ ಇರಲಿಲ್ಲ. ಆದ್ದರಿಂದ ಅವನು ಒಂದು ಗೋಶಾಲೆಗೆ ಹಿರಿಯ ಸಂಗ್ರಾಹಕನಾಗಿ ಹೋದ. ಹೋದವನು ನೇರವಾಗಿ ಅದೇ ವ್ಯಾಪಾರಿಯ ಹತ್ತಿರ ಬಂದ. ಮೊನ್ನೆಮೊನ್ನೆಯವರೆಗೆ ಮಕ್ಕಳಿಗಾಗಿ ಬೇಡುತ್ತಿದ್ದೆಯಲ್ಲ ಎಂದು ವ್ಯಾಪಾರಿ ಕೇಳಿದಾಗ, ಆ ಮಕ್ಕಳು ನಿಮ್ಮ ಎಣ್ಣೆಯಲ್ಲಿ ಮಾಡಿದ ಅಡುಗೆ ತಿಂದು ಬೆರಳು ಚೀಪುತ್ತಾರೆ, ಈಗ ಹಸುಗಳ ಸರದಿ ಎಂದ. ವ್ಯಾಪಾರಿಗೆ ಸಂತೋಷವಾಯಿತು. ಹಸುಗಳಿಗೆ ಹಿಂಡಿ ಕೊಟ್ಟ.

ಗೋಶಾಲೆಯ ವಾರ್ಷಿಕ ಸಭೆಯಲ್ಲಿ ಒಂದು ಪ್ರಮಾದವಾಯಿತು. ಸಂಗ್ರಾಹಕನಿಗೆ ಶಾಲೆಯ ಭಾಷಣ ಬಾಯಿಪಾಠವಾಗಿತ್ತು. ವೇದಿಕೆ ಹತ್ತಿದ ಗಡಿಬಿಡಿಯಲ್ಲಿ ಅದನ್ನೇ ಶುರುಮಾಡಿದ. ಈ ಮುಗ್ಧ ಜೀವಗಳಿಗೆ ಬೆಳಕು ಎಂದರೇನೆಂದು ಗೊತ್ತಿಲ್ಲ, ಕೈಹಿಡಿದು ನಡೆಸುವವರು ಇವಕ್ಕೆ ಬೇಕು ಎಂದ. ಅರ್ಧ ದಾರಿಯಲ್ಲಿ ಅವನಿಗೆ ತಪ್ಪು ಹೊಳೆಯಿತು. ಆದರೆ ಅಷ್ಟರಲ್ಲಿ ಮುಂದಿನ ಸಾಲಿನವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಲ್ಲಿಸಲು ಮನಸ್ಸು ಬರಲಿಲ್ಲ, ಪೂರ್ತಿ ಮುಗಿಸಿದ. ಮರುವಾರ ಒಬ್ಬ ದಾನಿಯಿಂದ ಗೋಶಾಲೆಗೆ ನಲವತ್ತು ಊರುಗೋಲು ಬಂದವು. ದನ ಕಾಯುವವರು ಅವನ್ನು ನೋಡಿ, ಇಷ್ಟು ದಿನಕ್ಕೆ ಒಂದು ಉಪಯೋಗದ ದಾನ ಬಂತು ಎಂದು ಹಂಚಿಕೊಂಡರು. ಆ ವರ್ಷದ ಸಂಗ್ರಹ ಹಿಂದೆಂದೂ ಆಗಿರದಷ್ಟಾಯಿತು.

ಏಳು ವರ್ಷವಾದ ಮೇಲೆ ಒಂದು ದೊಡ್ಡ ಧರ್ಮಸಂಸ್ಥೆಯವರು ಅವನನ್ನು ಕರೆಸಿಕೊಂಡರು. ದಾರಿಹೋಕರಿಗೆ ಅನ್ನ, ವಸತಿ ಕೊಡುವ ಸಂಸ್ಥೆ ಅದು. ಅಲ್ಲಿ ಅವನು ಮುಖ್ಯ ಸಂಗ್ರಾಹಕನಾದ. ಕೂರಲು ಕೋಣೆ, ಓಡಾಡಲು ಗಾಡಿ, ಕೈಕೆಳಗೆ ಆರು ಜನ. ಬೇಡುವುದು ಹೇಗೆ ಎಂದು ಬೇರೆ ಊರುಗಳಿಗೆ ಹೋಗಿ ಪಾಠ ಹೇಳಿಬರುತ್ತಿದ್ದ. ವರ್ಷಕ್ಕೊಮ್ಮೆ ಎಣ್ಣೆ ವ್ಯಾಪಾರಿಯನ್ನು ಮಾತ್ರ ತಾನೇ ಹೋಗಿ ಕಾಣುತ್ತಿದ್ದ. ಮಕ್ಕಳು ಬೆರಳು ಚೀಪುವ ಸುದ್ದಿಯನ್ನು ತಪ್ಪದೆ ಹೇಳುತ್ತಿದ್ದ.

ಹೀಗೆ ಇನ್ನೂ ಎಂಟು ವರ್ಷ ಹೋಯಿತು. ಸಂಸ್ಥೆಯ ಆಡಳಿತಾಧಿಕಾರಿಯ ಹುದ್ದೆ ಖಾಲಿಯಾಯಿತು. ಅದಕ್ಕಿಂತ ಮೇಲೆ ಏರಲು ಏನೂ ಉಳಿದಿರಲಿಲ್ಲ. ಈ ಸಲ ಒಂದು ಭಾರಿ ದಾನ ತಂದರೆ ಹುದ್ದೆ ನಿನ್ನದೇ ಎಂದು ಸಮಿತಿಯವರು ಹೇಳಿದರು.

ಅದೇ ತಿಂಗಳು ವ್ಯಾಪಾರಿಯಿಂದ ಕರೆ ಬಂತು. ಅವನಿಗೆ ವಯಸ್ಸಾಗಿತ್ತು. ಹೆದ್ದಾರಿಯ ಪಕ್ಕದಲ್ಲಿ ಅವನ ಎಂಟು ಎಕರೆ ಜಮೀನಿತ್ತು, ಬಾವಿಯೂ ಇತ್ತು. ಅದನ್ನು ಒಳ್ಳೆಯ ಕೆಲಸಕ್ಕೆ ಬರೆದುಕೊಡಬೇಕೆಂದು ನಿಶ್ಚಯಿಸಿದ್ದ. ನನ್ನ ಹತ್ತಿರ ಮೂರು ಕಡೆಗೂ ಬೇಡಿದವನು ನೀನೇ, ಯಾರಿಗೆ ಕೊಡಬೇಕು ಎಂಬುದನ್ನೂ ನೀನೇ ಹೇಳು ಎಂದ.

ಸಂಗ್ರಾಹಕ ಬಾಯಿ ತೆರೆಯುವಷ್ಟರಲ್ಲಿ ವ್ಯಾಪಾರಿ ಕೈ ಅಡ್ಡ ಹಿಡಿದ. ಈಗಲೇ ಹೇಳಬೇಡ, ಮೂರು ಕಡೆಯೂ ಒಂದೊಂದು ಊಟ ಮಾಡಿ ಬಂದು ಹೇಳು ಎಂದ.

ಸಂಗ್ರಾಹಕನಿಗೆ ಇದು ಬೇಡದ ತಾಪತ್ರಯವೆನಿಸಿತು. ಉತ್ತರ ಅವನಲ್ಲಿ ಸಿದ್ಧವಾಗಿಯೇ ಇತ್ತು. ಆದರೂ ಎಂಟು ಎಕರೆಯ ಮಾತು. ಹೊರಟ.

ಮೊದಲು ತನ್ನ ಸಂಸ್ಥೆಗೇ ಹೋದ. ಅಲ್ಲಿ ಊಟದ ಮನೆ ಯಾವ ಕಡೆ ಎಂದು ಕಾವಲುಗಾರನನ್ನು ಕೇಳಬೇಕಾಯಿತು. ಕೋಸಂಬರಿ, ಎರಡು ಪಲ್ಯ, ಹೋಳಿಗೆ, ಪಾಯಸ ಎಲ್ಲ ಇತ್ತು. ಉಣ್ಣುತ್ತಿದ್ದವರು ಹನ್ನೊಂದು ಮಂದಿ. ಹನ್ನೊಂದು ಮಂದಿಯೂ ಸಮಿತಿಯ ಸದಸ್ಯರು. ಊಟದ ಮನೆಗೆ ಸುಣ್ಣಬಣ್ಣ ಮಾಡಿಸಿದಾಗಿನಿಂದ ದಾರಿಹೋಕರನ್ನು ಒಳಗೆ ಬಿಡುತ್ತಿಲ್ಲ ಎಂದು ಅಡುಗೆಯವನು ಹೇಳಿದ. ಸಂಗ್ರಾಹಕ ಎರಡನೆಯ ಸಲ ಪಾಯಸ ಹಾಕಿಸಿಕೊಂಡ. ಆದರೆ ಅದು ಮೊದಲಿನಷ್ಟು ರುಚಿಸಲಿಲ್ಲ.

ಮರುದಿನ ಗೋಶಾಲೆಗೆ ಹೋದ. ಊಟಕ್ಕೆ ಬಂದಿದ್ದೇನೆ ಎಂದಾಗ ಅಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದನ ಕಾಯುವವರು ತಮ್ಮ ಬುತ್ತಿಯ ರೊಟ್ಟಿಯನ್ನೇ ಮುರಿದು ಕೊಟ್ಟರು. ಹಸುಗಳು ಮೈತುಂಬಿಕೊಂಡಿದ್ದವು. ಒಂದು ಹಸು ಬಂದು ಅವನ ಕೈಯಲ್ಲಿದ್ದ ಅರ್ಧ ರೊಟ್ಟಿ ತಿಂದು ಹೋಯಿತು.

ಮೂರನೆಯ ದಿನ ಅಂಧ ಮಕ್ಕಳ ಶಾಲೆಗೆ ಹೋದ. ಹಳೆಯ ಮೇಷ್ಟ್ರು ನಿವೃತ್ತರಾಗಿದ್ದರು. ಇವನು ಯಾರೆಂದು ಹೊಸಬರಿಗೆ ಗೊತ್ತಿರಲಿಲ್ಲ. ಅನ್ನದ ಹೊತ್ತಿಗೆ ಬಂದವನನ್ನು ಹಾಗೆಯೇ ಪಂಕ್ತಿಯಲ್ಲಿ ಕೂರಿಸಿದರು. ಅವನ ಪಕ್ಕದಲ್ಲಿ ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗಿ ಕುಳಿತಿದ್ದಳು. ಬಡಿಸಿದ್ದು ಒಗ್ಗರಣೆ ಹಾಕಿದ ಅನ್ನ. ಸಂಗ್ರಾಹಕ ಒಂದು ತುತ್ತು ಬಾಯಿಗಿಟ್ಟ. ಕಮಟು ಎಣ್ಣೆಯ ವಾಸನೆ ಗಂಟಲಿಗೇ ಬಡಿಯಿತು. ತುತ್ತನ್ನು ಉಗುಳಲಾರದೆ, ನುಂಗಲಾರದೆ ಸುಮ್ಮನೆ ಕುಳಿತ.

“ಅಗಿಯುವುದು ನಿಲ್ಲಿಸಿಬಿಟ್ಟಿರಿ,” ಎಂದಳು ಹುಡುಗಿ. “ಹೊಸಬರೆಲ್ಲ ಇಲ್ಲೇ ನಿಲ್ಲಿಸುತ್ತಾರೆ. ಉಸಿರು ಹಿಡಿದು ನುಂಗಿ. ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ.”

ಅವನು ಉಸಿರು ಹಿಡಿದು ನುಂಗಿದ. ಎಷ್ಟು ದಿನದಿಂದ ಎಣ್ಣೆ ಹೀಗಿದೆ ಎಂದು ಕೇಳಿದ. ತಾನು ಸೇರುವುದಕ್ಕೆ ಮೊದಲಿನಿಂದಲೂ ಹೀಗೆಯೇ ಅಂತೆ ಎಂದಳು ಅವಳು. ಯಾರೋ ಪುಣ್ಯಾತ್ಮರು ಪುಕ್ಕಟೆ ಕಳಿಸುತ್ತಾರೆ, ಚೆನ್ನಾಗಿಲ್ಲ ಎಂದು ಹೇಳಿದರೆ ಅದೂ ನಿಂತುಹೋಗುತ್ತದೆ ಎಂದು ದೊಡ್ಡವರು ಹೇಳಿದ್ದಾರೆ ಎಂದೂ ಸೇರಿಸಿದಳು. ಆಮೇಲೆ ಅವನ ಎಲೆಯಲ್ಲಿ ಉಳಿದದ್ದು ಬೇಡವಾದರೆ ತನಗೆ ಹಾಕಬಹುದೇ ಎಂದು ಮೆಲ್ಲಗೆ ಕೇಳಿದಳು.

ಸಂಗ್ರಾಹಕ ಎಲೆಯನ್ನು ಅವಳ ಕಡೆಗೆ ಸರಿಸಿ ಎದ್ದ. ತಾನು ಯಾರೆಂದು ಹೇಳಲಿಲ್ಲ. ಬಂದ ಗಾಡಿಯನ್ನು ವಾಪಸು ಕಳಿಸಿ ನಡೆದೇ ಹೋದ. ಜಮೀನು ಇಲ್ಲಿಗೇ ಸೇರಬೇಕು ಎನ್ನುವುದೇನೋ ಸ್ಪಷ್ಟವಿತ್ತು. ಆದರೆ ಕಾರಣ ಹೇಳಬೇಕಾದರೆ ಎಣ್ಣೆಯ ಮಾತು ಎತ್ತಲೇಬೇಕು. ಎತ್ತಿದರೆ ವ್ಯಾಪಾರಿ ಸಿಟ್ಟಾಗಿ ಯಾರಿಗೂ ಕೊಡದೆ ಹೋಗಬಹುದು. ಎತ್ತದೆ ತನ್ನ ಸಂಸ್ಥೆಯ ಹೆಸರು ಹೇಳಿದರೆ ನಾಳೆಯೇ ಹುದ್ದೆ. ಗಿರಣಿಯ ಬಾಗಿಲಿನವರೆಗೂ ಅವನಿಗೆ ಏನು ಹೇಳಬೇಕೆಂದು ತಿಳಿದಿರಲಿಲ್ಲ. ವ್ಯಾಪಾರಿ ಉಪಚಾರಕ್ಕೆ ಒಂದು ಲೋಟ ಮಜ್ಜಿಗೆ ಕೊಟ್ಟ. ಅದನ್ನು ಕುಡಿದರೂ ಬಾಯಿಯ ಕಮಟು ಹೋಗಲಿಲ್ಲ. ಆಗ ಹೇಳಿಬಿಟ್ಟ.

ವ್ಯಾಪಾರಿ ಶಾಲೆಗೆ ಹೊರಟಿದ್ದ ಡಬ್ಬವನ್ನು ತರಿಸಿ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡ. ಮುಖ ಕಿವುಚಿದ.

“ಹದಿನೆಂಟು ವರ್ಷ ಬೆರಳು ಚೀಪುತ್ತಾರೆ ಎಂದೆಯಲ್ಲ?” ಎಂದ.

“ಬೇಡುವಾಗ ಹಾಗೆ ಹೇಳುವುದು ವಾಡಿಕೆ, ಸಾಹುಕಾರರೇ.”

“ಕೊಡುವಾಗ ತಳದಲ್ಲಿ ಉಳಿದದ್ದನ್ನು ಕೊಡುವುದೂ ವಾಡಿಕೆಯೇ,” ಎಂದ ವ್ಯಾಪಾರಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎದುರಿನ ಗೋಡೆ ನೋಡುತ್ತ ಕುಳಿತರು. ಮೊದಲು ನಕ್ಕವನು ವ್ಯಾಪಾರಿ. ಅದು ಖುಷಿಯ ನಗುವಾಗಿರಲಿಲ್ಲ. ಆ ವಾರವೇ ಜಮೀನನ್ನು ಶಾಲೆಯ ಹೆಸರಿಗೆ ಬರೆದುಕೊಟ್ಟ.

ಎಂಟು ಎಕರೆ ಬೇರೆಯವರ ಪಾಲಾದದ್ದು ತಿಳಿದು ಧರ್ಮಸಂಸ್ಥೆಯವರು ಸಂಗ್ರಾಹಕನಿಗೆ ಶಾಲು ಹೊದಿಸಿ, ಅವನ ಸೇವೆಯನ್ನು ಹೊಗಳಿ, ಮನೆಗೆ ಕಳಿಸಿದರು. ಅವನು ಶಾಲೆಗೆ ಹೋಗಿ ಕೆಲಸ ಕೇಳಿದ. ಅರ್ಧ ಸಂಬಳಕ್ಕೆ ಸೇರಿಸಿಕೊಂಡರು. ಅಂದಿನಿಂದ ಮಧ್ಯಾಹ್ನದ ಊಟ ಮಕ್ಕಳ ಜೊತೆಯೇ. ಊಟವಾದ ಮೇಲೆ ಪೇಟೆಗೆ ಹೋಗಿ, ಯಾರ ಅಕ್ಕಿಯಲ್ಲಿ ಕಲ್ಲಿತ್ತು, ಯಾರ ಕಂಬಳಿ ಒಂದೇ ಒಗೆತಕ್ಕೆ ಹರಿಯಿತು ಎಂಬುದನ್ನು ಕೊಟ್ಟವರಿಗೇ ಹೇಳಿಬರುತ್ತಿದ್ದ. ಅವನು ಬರುವುದನ್ನು ಕಂಡು ಕೆಲವರು ಅಂಗಡಿಯ ಬಾಗಿಲು ಹಾಕಿಕೊಂಡರು. ಮೊದಲ ವರ್ಷ ಸಂಗ್ರಹ ಅರ್ಧಕ್ಕೆ ಇಳಿಯಿತು. ಬಾಗಿಲು ಹಾಕದೆ ಉಳಿದವರು ಮಾತ್ರ ಒಳ್ಳೆಯ ಅಕ್ಕಿಯನ್ನು ಅಳೆದು ಕೊಟ್ಟರು. ಕೆಲವರು ತಾವೇ ಬಂದು ಪಂಕ್ತಿಯಲ್ಲಿ ಕುಳಿತು ಉಂಡು ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಸ್ವಲ್ಪ ಕಾದ. ಮುಂದೆ ಏನೂ ಬರಲಿಲ್ಲ. ಹಾಗಾದರೆ ಕೊನೆಗೆ ಅವನು ಯಾವ ಹುದ್ದೆಗೆ ಏರಿದ ಎಂದು ಕೇಳಿದ.

“ಅದಿರಲಿ, ಇವತ್ತು ಬೆಳಿಗ್ಗೆ ನಮ್ಮ ಪ್ರಸಾದ ನಿಲಯದಲ್ಲಿ ಮಕ್ಕಳಿಗೆ ಏನು ತಿಂಡಿ ಮಾಡಿದ್ದರಪ್ಪ?” ಎಂದರು ಗುರುಗಳು.