ಅಸಲು ಪಟದ ತಪ್ಪು

ಮಠದ ಹಜಾರದಲ್ಲಿ ಎಂಬತ್ತು ವರ್ಷದಿಂದ ತೂಗುತ್ತಿದ್ದ ಕೃಷ್ಣನ ವರ್ಣಪಟಕ್ಕೆ ತನ್ನ ನೀಲಿಯ ಮೇಲೆ ಬಹಳ ಅಭಿಮಾನ. ಊರಿಗೆ ಮೊದಲ ಕ್ಯಾಮೆರಾ ಬಂದಾಗ ಪಾರುಪತ್ಯಗಾರ ಶೇಷಗಿರಯ್ಯನವರು ಆ ಪಟದ ಫೋಟೋ ತೆಗೆಸಿ ಭಕ್ತರ ಮನೆಮನೆಗೂ ಹಂಚಿದರು. ಆ ಕಾಲದ ಕ್ಯಾಮೆರಾಕ್ಕೆ ನೀಲಿಯೆಲ್ಲ ಬಿಳಿಯಾಗಿಯೇ ಕಾಣುತ್ತಿತ್ತು. ಉಳಿದ ಒಂದು ಪ್ರತಿಯನ್ನು ಪಟದ ಪಕ್ಕದಲ್ಲೇ ತೂಗುಹಾಕಿದರು.

"ಮಗೂ, ನಿನ್ನ ಕೃಷ್ಣನಿಗೆ ಸುಣ್ಣ ಬಳಿದವರು ಯಾರು?" ಎಂದಿತು ಪಟ.

"ಯಾರೂ ಇಲ್ಲ ಅಜ್ಜ. ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ," ಎಂದಿತು ಫೋಟೋ.

"ಇದ್ದದ್ದು ನಾನು. ಭಕ್ತರು ಬಂದು ನೋಡಲಿ, ಗೊತ್ತಾಗುತ್ತದೆ."

ಪಟ ಕಾಯಿತು. ಬಿಳಿ ಕೃಷ್ಣನಿಗೆ ದಿನವೂ ಕೈಮುಗಿದು ಬೆಳೆದವರು ಹಲವು ವರ್ಷಗಳ ಮೇಲೆ ಒಂದು ಅಷ್ಟಮಿಗೆ ಗುಂಪಾಗಿ ಬಂದರು. ಫೋಟೋಕ್ಕೆ ಅಡ್ಡಬಿದ್ದರು. ಪಟದ ಮುಂದೆ ನಿಂತು ಮುಖ ಮುಖ ನೋಡಿಕೊಂಡರು.

"ಅಯ್ಯನವರೇ, ಇದು ಯಾಕೋ ಕೃಷ್ಣನ ಹಾಗಿಲ್ಲವಲ್ಲ," ಎಂದಳು ಒಬ್ಬಾಕೆ.

"ಹಳೆಯದು ತಾಯಿ, ದೀಪದ ಹೊಗೆ ಹಿಡಿದು ನೀಲಿಗಟ್ಟಿದೆ. ಸರಿ ಮಾಡಿಸುತ್ತೇನೆ," ಎಂದು ಮುದುಕರಾಗಿದ್ದ ಶೇಷಗಿರಯ್ಯನವರು ಸಂಕೋಚದಿಂದ ಹೇಳಿದರು.

ಮರುದಿನ ಚಿತ್ರಗಾರನೊಬ್ಬ ಬಿಳಿ ಬಣ್ಣ ಕಲಸಿಕೊಂಡು ಏಣಿ ಹತ್ತಿದ. ಹೋಲಿಕೆ ತಪ್ಪಬಾರದೆಂದು ಎಡಗೈಯಲ್ಲಿ ಫೋಟೋ ಹಿಡಿದಿದ್ದ.

"ಏನಾದರೂ ಹೇಳೋ, ನೀನು ಹುಟ್ಟಿದ್ದೇ ನನ್ನಿಂದ," ಎಂದು ಪಟ ಗೋಗರೆಯಿತು.

"ಹೆದರಬೇಡ ಅಜ್ಜ, ಸುಮ್ಮನಿರು," ಎಂದು ಫೋಟೋ ಸಮಾಧಾನ ಹೇಳಿತು. "ಸಂಜೆಯೊಳಗೆ ನೀನೂ ಥೇಟ್ ಕೃಷ್ಣನ ಹಾಗೇ ಆಗುತ್ತೀಯ."