ದೇವದೂತ ಹೇಳದ ಮಾತು

ಮಾತೆ ಬೆನಿಗ್ನಾರವರು ಹಾಲುದೊಡ್ಡಿಯಲ್ಲಿ ಇದ್ದಷ್ಟು ಕಾಲವೂ ಅವರಿಗೆ ಸ್ವಂತದ್ದೆಂಬ ಕೋಣೆ ಇರಲಿಲ್ಲ. ಕಾನ್ವೆಂಟಿನ ಔಷಧಾಲಯದ ಹಿಂದೆ ನಾಡಹೆಂಚಿನ ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ಸೌದೆ ಒಟ್ಟುವ ಜಗಲಿ. ಆ ಜಗಲಿಯ ಮೂಲೆಯಲ್ಲೊಂದು ಚಾಪೆ, ಗೋಡೆಯ ಮೇಲೊಂದು ಮರದ ಶಿಲುಬೆ. ಇಂದು ಅವರ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಲು ದೂರದೂರುಗಳಿಂದ ಬರುವ ಭಕ್ತಾದಿಗಳಿಗೆ ಅವರ ಕೈಗುಣದ ಕತೆಗಳೆಲ್ಲ ಗೊತ್ತು. ಬಿಡದ ಜ್ವರ ಬಿಡಿಸಿದ್ದು, ಎಲ್ಲರೂ ಕೈಬಿಟ್ಟಿದ್ದ ಬಾಣಂತಿಯನ್ನು ಉಳಿಸಿದ್ದು, ಹೀಗೆ ಹಲವಾರು. ಆದರೆ ಆ ಮೃದುಭಾಷಿಗಳಾದ ತಾಯಿ ಒಮ್ಮೆ ಬಾಗಿಲಿಗೆ ಅಡ್ಡ ನಿಂತದ್ದು ಎಲ್ಲರಿಗೂ ತಿಳಿದಿಲ್ಲ. ಕ್ರಿಸ್ಮಸ್ ರಜೆಯಲ್ಲಿ ನಡೆದ ಆ ಪ್ರಸಂಗವನ್ನು ಕಣ್ಣಾರೆ ಕಂಡವನು ಕಲ್ಲುಬಾವಿಯ ಉಪದೇಶಿ ಚೌರಪ್ಪ.

ಕಲ್ಲುಬಾವಿಯ ದೇವಾಲಯಕ್ಕೆ ಆಗ ಪೂಜೆ ಅರ್ಪಿಸುವ ಗುರುಗಳು ಬರುತ್ತಿದ್ದುದು ಭಾನುವಾರ ಮಾತ್ರ. ಉಳಿದ ದಿನಗಳಲ್ಲಿ ಮಕ್ಕಳಿಗೆ ಜಪ ಕಲಿಸುವುದು, ಸಾವು ಬದುಕಿನ ನಡುವೆ ಇರುವವರ ತಲೆದೆಸೆಯಲ್ಲಿ ಕೂತು ಪ್ರಾರ್ಥನೆ ಹೇಳುವುದು, ಗಂಡಹೆಂಡಿರ ಜಗಳ ತೀರಿಸುವುದು ಎಲ್ಲವೂ ಚೌರಪ್ಪನ ಪಾಲಿಗೇ ಬಿದ್ದಿತ್ತು. ತಲೆ ನರೆಯುವವರೆಗೂ ಅವನು ಆ ಸೇವೆಯನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದ. ಹೊಡೆಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ಅವನು ಹೇಳುತ್ತಿದ್ದುದು ಒಂದೇ ಮಾತು: "ತಾಳ್ಕೊಳವ್ವ. ಯೇಸುಸ್ವಾಮಿ ನಮಗೋಸ್ಕರ ಎಷ್ಟು ತಾಳ್ಕೊಂಡ್ರು, ನೆನೆಸ್ಕೋ."

ಹಿರಿಯ ಮಗಳು ಸಗಾಯಮ್ಮನಿಗೂ ಅವನು ಅದನ್ನೇ ಹೇಳಿದ್ದ. ಅವಳನ್ನು ಕೊಟ್ಟಿದ್ದು ಹಾಲುದೊಡ್ಡಿಯ ಅರುಳಪ್ಪನಿಗೆ. ಅರುಳಪ್ಪ ಅಲ್ಲಿ ರಾಗಿ ಮಿಲ್ಲು ಇಟ್ಟುಕೊಂಡಿದ್ದ. ಕುಡಿತವಿಲ್ಲ, ಇಸ್ಪೀಟಿಲ್ಲ. ದೇವಾಲಯದಲ್ಲಿ ಹಾಡುವವರ ಸಾಲಿಗೆ ಅವನೇ ಮೊದಲು. ಹಬ್ಬ ಬಂತೆಂದರೆ ಹುಲ್ಲು ಹಾಸಿ, ಮಣ್ಣಿನ ಗುಡ್ಡ ಕಟ್ಟಿ, ಬಾಲಯೇಸುವಿನ ಗೋದಲಿಯನ್ನು ಸಿಂಗರಿಸುತ್ತಿದ್ದವನೂ ಅವನೇ. ಇಂಥ ಅಳಿಯನ ಮೇಲೆ ಮಗಳು ದೂರು ತಂದಾಗ ಚೌರಪ್ಪ ಅದನ್ನು ಪೂರ್ತಿ ಕೇಳಿಸಿಕೊಂಡವನೇ ಅಲ್ಲ. ಎರಡು ಸಲ ಅವಳು ತವರಿಗೆ ಬಂದಳು. ಎರಡು ಸಲವೂ ಹೂವು, ಹಣ್ಣು, ಎಲೆಅಡಿಕೆ ಕೊಟ್ಟು ತಾನೇ ಬಸ್ಸು ಹತ್ತಿಸಿದ. "ಪೀಠದ ಮುಂದೆ ನಿಂತು ಏನಂತ ಮಾತು ಕೊಟ್ಟೆ, ನೆನಪೈತಾ?" ಎಂದು ಕೇಳಿದ. ಆಮೇಲೆ ಅವಳು ದೂರು ಹೇಳುವುದನ್ನೇ ಬಿಟ್ಟಳು. ಸಂಸಾರ ಒಂದು ದಾರಿಗೆ ಬಂತೆಂದು ಚೌರಪ್ಪ ದೇವರಿಗೆ ವಂದನೆ ಸಲ್ಲಿಸಿದ್ದ.

ಆ ವರ್ಷ ಕ್ರಿಸ್ಮಸ್ ಹಬ್ಬದ ಮಾರನೆಯ ದಿನ ಚೌರಪ್ಪನ ಮನೆ ತುಂಬಿತ್ತು. ಗಂಡುಮಕ್ಕಳಿಬ್ಬರೂ ಹೆಂಡತಿ ಮಕ್ಕಳೊಡನೆ ಬಂದಿದ್ದರು. ಹಿತ್ತಲಲ್ಲಿ ಸೊಸೆಯರು ಮಾಂಸ ತೊಳೆಯುತ್ತಿದ್ದರು. ಮೊಮ್ಮಕ್ಕಳು ಕಜ್ಜಾಯ ಹಿಡಿದುಕೊಂಡು ಓಡಾಡುತ್ತಿದ್ದವು. ಆಗ ಅರುಳಪ್ಪನ ಬೈಕು ಅಂಗಳಕ್ಕೆ ಬಂತು. ಹಿಂದೆ ಸಗಾಯಮ್ಮನೂ ಇರಲಿಲ್ಲ, ಮಗುವೂ ಇರಲಿಲ್ಲ.

"ನಿಮ್ಮ ಮಗ್ಳು ಹಬ್ಬದ ದಿನವೇ ಮಗೀನ್ ಎತ್ಕೊಂಡು ಕಾನ್ವೆಂಟಿಗೆ ಹೋಗಿ ಕುಂತವ್ಳೆ ಮಾವ," ಎಂದ ಅರುಳಪ್ಪ. ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. "ನೆಂಟ್ರು ಊಟಕ್ಕೆ ಕುಂತಿದ್ರು. ಎಲ್ಲಾರ ಮುಂದೆ ನನ್ ಮಾನ ಹೋಯ್ತು. ಕರೆಯಾಕೆ ಹೋದ್ರೆ ಆ ದೊಡ್ಡ ಸಿಸ್ಟರಮ್ಮ, ಅವ್ಳ ಮನಸ್ಸಿದ್ರೆ ಬತ್ತಾಳೆ ಅಂತಾರೆ."

ಚೌರಪ್ಪನ ಮುಖ ಕೆಂಪಾಯಿತು. ಉಪದೇಶಿಯ ಮಗಳು ಗಂಡನ ಮನೆ ಬಿಟ್ಟಳೆಂದರೆ ಇನ್ನು ಊರಿಗೆ ಬುದ್ಧಿ ಹೇಳುವ ಬಾಯಿ ಯಾವುದು? ಸನ್ಯಾಸಿನಿಯರಿಗೆ ಸಂಸಾರದ ಏಳುಬೀಳು ಏನು ಗೊತ್ತು? ಮದುವೆಯಾಗದವರು ಮದುವೆಯ ವಿಷಯಕ್ಕೆ ಕೈಹಾಕಿದರೆ ಹೀಗೇ ಆಗುವುದು ಎಂದುಕೊಂಡ.

ಮಾರನೆಯ ದಿನ ಅಳಿಯನ ಜೊತೆ ಹೊರಟು ನಿಂತಾಗ ಹೆಂಡತಿ ಜಪಮಾಲಮ್ಮ ಬಾಗಿಲವರೆಗೂ ಬಂದಳು. ಅವಳು ಮಾತಿನವಳಲ್ಲ.

"ಈ ಸಲ ಅವ್ಳನ್ನ ಒಂದು ಮಾತು ಕೇಳಿ," ಎಂದಳು. "ಏನಾಯ್ತವ್ವ ಅಂತ ಕೇಳಿ. ಕೇಳ್ದೆ ಕರ್ಕೊಂಡು ಹೋಗಿ ಬಿಡಬೇಡಿ."

ಚೌರಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಹೊರಟ.

ಅವರು ಹಾಲುದೊಡ್ಡಿ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಜಗಲಿಯ ಅಂಚಿಗೆ ಬಂದಿತ್ತು. ಮಾತೆ ಬೆನಿಗ್ನಾರವರು ನೆಲದ ಮೇಲೆ ಕುಳಿತು, ಮುಂದೊಂದು ದೊಡ್ಡ ಬೋಗುಣಿ ಇಟ್ಟುಕೊಂಡು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಕಾನ್ವೆಂಟಿನಲ್ಲೇ ಇದ್ದು ಓದುತ್ತಿದ್ದ, ರಜೆಯಲ್ಲೂ ಹೋಗಲು ಮನೆಯಿಲ್ಲದ ಕೆಲವು ಹೆಣ್ಣುಮಕ್ಕಳು ಅವರ ಸುತ್ತ ಕೂತು ಅದೇ ಕೆಲಸ ಮಾಡುತ್ತಿದ್ದವು. ಗೋಡೆಗೊರಗಿ ಸಗಾಯಮ್ಮ ಕುಳಿತಿದ್ದಳು. ಅವಳ ಬಲಗೈಗೆ ಮೊಣಕೈವರೆಗೆ ಬಿಳಿಯ ಬಟ್ಟೆ ಸುತ್ತಿತ್ತು. ತೊಡೆಯ ಮೇಲೆ ಮಗಳು ತೆರೇಜಾ. ತಂದೆಯನ್ನು ಕಂಡು ಸಗಾಯಮ್ಮ ಏಳಲಿಲ್ಲ, ಗಂಡನ ಕಡೆ ನೋಡಲೂ ಇಲ್ಲ.

ಅರುಳಪ್ಪ ಬಾಳೆಗೊನೆಯನ್ನೂ ಕಜ್ಜಾಯದ ಬುಟ್ಟಿಯನ್ನೂ ಮಾತೆಯವರ ಮುಂದಿಟ್ಟು ಕೈಮುಗಿದ. ಮಾತೆಯವರು ಇಬ್ಬರಿಗೂ ಚಾಪೆ ತೋರಿಸಿದರು. ಒಂದು ಹಿಡಿ ಕಾಳನ್ನು ತಟ್ಟೆಗೆ ಹಾಕಿ ಚೌರಪ್ಪನ ಮುಂದೆ ಸರಿಸಿದರು. ಅವನು ಏನು ಮಾಡಬೇಕೆಂದು ತೋಚದೆ ಒಂದೊಂದೇ ಕಾಳು ಹಿಸುಕುತ್ತ ಮಾತು ಶುರುಮಾಡಿದ.

ಮಾತನಾಡುವುದರಲ್ಲಿ ಅವನು ಪಳಗಿದವನು. ದೇವರು ಹಾಕಿದ ಗಂಟನ್ನು ಮನುಷ್ಯರು ಬಿಚ್ಚಬಾರದೆಂದ. ತಾಳ್ಮೆಯೇ ಸಂಸಾರದ ಆಧಾರಕಂಬ, ಹೆಣ್ಣು ತಗ್ಗಿದರೆ ಮನೆ ನಿಲ್ಲುತ್ತದೆಂದ. ಮಾತೆ ಮರಿಯಮ್ಮನವರು ಎಷ್ಟು ನೋವುಂಡರೂ ಒಂದು ಮಾತಾಡಿದರೇ ಎಂದು ಕೇಳಿದ. ಕೊನೆಗೆ, "ತಪ್ಪು ತಿಳೀಬೇಡಿ ತಾಯಿ, ಸಂಸಾರದ ಕಷ್ಟ ಸಂಸಾರ ಮಾಡ್ದೋರಿಗೇ ಗೊತ್ತು. ನನ್ ಮಗಳನ್ನ ಕಳಿಸಿಕೊಡಿ," ಎಂದ.

ಪೂಜ್ಯ ಮಾತೆಯವರು ಅಷ್ಟನ್ನೂ ತಲೆ ತಗ್ಗಿಸಿ ಕೇಳಿದರು. ಅವನು ಮುಗಿಸಿದ ಮೇಲೆ ಸೆರಗಿಗೆ ಕೈಯೊರೆಸಿಕೊಂಡು ಹೇಳಿದರು:

"ಉಪದೇಶಿಗಳೇ, ನಾಳೆ ಹೆರೋದ ಅರಸ ಕೊಲ್ಲಿಸಿದ ಹಸುಗೂಸುಗಳ ನೆನಪಿನ ದಿನ. ಈ ಮಕ್ಕಳಿಗೆ ಆ ಕತೆ ಹೇಳಿ. ನಿಮ್ಮ ಹಾಗೆ ಹೇಳಲು ನನಗೆ ಬರುವುದಿಲ್ಲ."

ಚೌರಪ್ಪನಿಗೆ ಸಮಾಧಾನವಾಯಿತು. ತನ್ನ ಮಾತು ನಾಟಿತೆಂದೇ ಅವನು ತಿಳಿದ. ಮಕ್ಕಳ ಕಡೆ ತಿರುಗಿ, ಕಾಲು ಮಡಿಸಿ ಕೂತು, ವರ್ಷ ವರ್ಷವೂ ಹೇಳಿ ರೂಢಿಯಾದ ಕತೆಯನ್ನು ಹಾಡಿನಂತೆ ಎತ್ತಿಕೊಂಡ. ಬೆತ್ಲೆಹೇಮಿನಲ್ಲಿ ಕಂದ ಯೇಸು ಹುಟ್ಟಿದ್ದು, ನಕ್ಷತ್ರ ನೋಡಿಕೊಂಡು ಜ್ಞಾನಿಗಳು ಬಂದದ್ದು, ಹೊಸ ಅರಸ ಹುಟ್ಟಿದನೆಂದು ಕೇಳಿ ಅರಮನೆಯಲ್ಲಿ ಹೆರೋದನ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು. "ಹೊರಗೆ ಏನು ನಯ, ಏನು ವಿನಯ. ನಾನೂ ಬಂದು ಕೂಸಿಗೆ ಅಡ್ಡಬೀಳ್ತೀನಿ ಅಂತಾನೆ. ಒಳಗೆ ಮಾತ್ರ ಕತ್ತಿ ಮಸೀತಾನೆ," ಎಂದಾಗ ಮಕ್ಕಳು ಕಾಳು ಹಿಸುಕುವುದನ್ನು ನಿಲ್ಲಿಸಿದ್ದವು.

"ಆಗ ಮಲಗಿದ್ದ ಸಂತ ಜೋಸೆಫರ ಕನಸಿನಲ್ಲಿ ದೇವದೂತ ಬಂದ," ಎಂದ ಚೌರಪ್ಪ. "ಬಂದು..."

ಅವನ ಕಣ್ಣು ಮಗಳ ತೊಡೆಯ ಮೇಲಿದ್ದ ಮಗುವಿನತ್ತ ಹೋಯಿತು.

"ಬಂದು ಏನೆಂದ?" ಎಂದು ಮಾತೆಯವರು ಕೇಳಿದರು.

"ಎದ್ದೇಳು ಅಂದ." ಚೌರಪ್ಪ ನಿಧಾನವಾಗಿ ಹೇಳಿದ. "ಕೂಸನ್ನೂ ತಾಯೀನೂ ಕರ್ಕೊಂಡು ಹೊರಡು, ದೂರದ ದೇಶಕ್ಕೆ ಓಡು ಅಂದ."

"ಹೆರೋದನ ಮನಸ್ಸು ಕರಗುವವರೆಗೂ ತಾಳಿಕೊಂಡಿರು, ಅನ್ನಲಿಲ್ಲವೇ?"

ಚೌರಪ್ಪ ತನ್ನ ಕೈಯಲ್ಲಿದ್ದ ಕಾಳನ್ನೇ ನೋಡುತ್ತಿದ್ದ. ಈ ಕತೆಯನ್ನು ಅವನು ಎಷ್ಟು ಮಕ್ಕಳಿಗೆ ಹೇಳಿದ್ದನೋ ಲೆಕ್ಕವಿಲ್ಲ. ಆ ಒಂದು ಪ್ರಶ್ನೆ ಮಾತ್ರ ಅವನ ತಲೆಗೆ ಯಾವತ್ತೂ ಬಂದಿರಲಿಲ್ಲ.

"ಇಲ್ಲ ತಾಯಿ," ಎಂದ ಕೊನೆಗೆ. "ಅನ್ನಲಿಲ್ಲ."

"ದೇವರು ತನ್ನ ಮಗನನ್ನೇ ಅಲ್ಲಿ ಇರಗೊಡಲಿಲ್ಲ," ಎಂದರು ಮಾತೆ ಬೆನಿಗ್ನಾರವರು. "ನಿಮ್ಮ ಮಗಳನ್ನು ಇರು ಎನ್ನಲು ನಾನು ಯಾರು, ನೀವು ಯಾರು?"

ಅರುಳಪ್ಪ ಎದ್ದ. ಅವನ ಮುಖದ ಮೇಲಿನ ನಯ ಹೋಗಿತ್ತು. "ಕತೆ ಕೇಳಾಕೆ ಬಂದಿಲ್ಲ ನಾನು. ನನ್ ಹೆಂಡ್ತಿ ಬರದಿದ್ರೆ ಬ್ಯಾಡ, ನನ್ ಮಗೀನ ನಂಗೆ ಕೊಡಿ," ಎಂದು ತೆರೇಜಾಳ ಕಡೆ ಕೈಚಾಚಿದ. ಸಗಾಯಮ್ಮ ಮಗುವನ್ನು ಅವಚಿಕೊಂಡು ಅಡುಗೆಮನೆಯೊಳಗೆ ಸರಿದಳು. ಅವನು ಹಿಂದೆಯೇ ನುಗ್ಗುವಷ್ಟರಲ್ಲಿ ಮಾತೆಯವರು ಎದ್ದು ಹೊಸ್ತಿಲ ಮೇಲೆ ನಿಂತಿದ್ದರು. ಅವರು ಎತ್ತರದವರಲ್ಲ. ಅವರ ತಲೆ ಅವನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ.

"ದಾರಿ ಬಿಡಿ. ಬಿಷಪ್ಪರಿಗೆ ಹೇಳ್ತೀನಿ. ಈ ಆಸ್ಪತ್ರೆ ಮುಚ್ಚಿಸ್ತೀನಿ."

"ಹೇಳಪ್ಪ. ಅವರು ಕೇಳಿದರೆ ನಾನೂ ಹೇಳುತ್ತೇನೆ."

"ನನ್ ಮನೆ ವಿಷಯಕ್ಕೆ ಬರಾಕೆ ನೀವ್ಯಾರು?"

ಮಾತೆಯವರು ತಮ್ಮ ಬಲಗೈಯನ್ನು ಅವನ ಮುಂದೆ ಚಾಚಿದರು. ಅವರೆಯ ಸಿಪ್ಪೆ ಅಂಟಿದ್ದ, ಸುಕ್ಕುಗಟ್ಟಿದ ಅಂಗೈ. "ಒಳಗೆ ಒಲೆ ಉರಿಯುತ್ತಿದೆ," ಎಂದರು. "ಅವಳನ್ನು ಎಳೆದುಕೊಂಡು ಹೋಗುವ ಮೊದಲು ಇದನ್ನು ಸುಡು. ಆಮೇಲೆ ಹೋಗು."

ಅರುಳಪ್ಪನ ಕೈ ಕೆಳಗಿಳಿಯಿತು. ಆ ಮಾತಿನ ಅರ್ಥ ಅವನಿಗೆ ಆಯಿತು, ಚೌರಪ್ಪನಿಗೆ ಆಗಲಿಲ್ಲ. ಚೌರಪ್ಪ ಬಾಗಿಲಾಚೆ ಮಗಳ ಕೈಗೆ ಸುತ್ತಿದ್ದ ಬಿಳಿಯ ಬಟ್ಟೆಯನ್ನು ನೋಡಿದ. ಬಂದಾಗಲೇ ಕಂಡಿದ್ದ. ಕಂಡೂ ಕೇಳಿರಲಿಲ್ಲ. ಎದ್ದು ಹೊಸ್ತಿಲ ಹತ್ತಿರ ಹೋದ. ಮಾತೆಯವರು ಅವನಿಗೆ ದಾರಿ ಬಿಟ್ಟರು.

"ಏನಾಯ್ತವ್ವ?" ಎಂದ.

ಸಗಾಯಮ್ಮ ತಂದೆಯ ಮುಖ ನೋಡಿದಳು, ಈತ ನಿಜವಾಗಿಯೂ ಕೇಳುತ್ತಿದ್ದಾನೆಯೇ ಎಂಬಂತೆ.

"ಕಜ್ಜಾಯ ಸೀದೋಯ್ತು ಅಪ್ಪ," ಎಂದಳು. "ನೆಂಟ್ರು ಹೊರಗೆ ಎಲೆ ಮುಂದೆ ಕುಂತಿದ್ರು. ಇವ್ರು ಒಳಕ್ಕೆ ಬಂದು ನನ್ ಕೈ ಹಿಡ್ದು ಬಾಣಲೆಗೆ ಒತ್ತಿದ್ರು. ಕೂಗಬ್ಯಾಡ ಅಂದ್ರು. ನಾನು ಕೂಗ್ಲಿಲ್ಲ, ನಂಗೆ ರೂಢಿ. ಆಮ್ಯಾಕೆ ನೋಡ್ತೀನಿ, ತೆರೇಜಾ ಬಾಗ್ಲಲ್ಲಿ ನಿಂತೈತೆ. ಎಲ್ಲಾ ನೋಡೈತೆ. ಅದೂ ಬಾಯಿಗೆ ಕೈ ಮುಚ್ಕೊಂಡು ನಿಂತೈತೆ, ಕೂಗದಂಗೆ. ಇಷ್ಟು ಚಿಕ್ಕ ಮಗು ಅಪ್ಪ. ಅದುಕ್ಕೂ ನಾನು ತಾಳ್ಕೊಳ್ಳೋದು ಕಲಿಸ್ಬಿಟ್ಟಿದ್ದೀನಿ ಅನ್ನಿಸ್ತು. ಅಷ್ಟೇ, ಎದ್ದು ಬಂದೆ. ಇನ್ನು ನೀನು ಕರೆದ್ರೂ ಬರಾಕಿಲ್ಲ, ಯಾರು ಕರೆದ್ರೂ ಬರಾಕಿಲ್ಲ."

ಅವಳು ಅಳಲಿಲ್ಲ. ಗೋಡೆಗೆ ಬೆನ್ನುಕೊಟ್ಟು, ತಲೆಯೆತ್ತಿ ನಿಂತಿದ್ದಳು. ಮಗಳಿಗೆ ಈ ತಾಳ್ಮೆಯನ್ನು ಕಲಿಸಿದವನು ಯಾರೆಂದು ಚೌರಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅಳಿಯನ ಕಡೆ ತಿರುಗಿದ.

"ನೀನು ಹೊರಡು," ಎಂದ.

"ಮಾವ, ಅವ್ಳು ಹೇಳಿದ್ದೆಲ್ಲ ನಂಬಬ್ಯಾಡಿ..."

"ಸುಳ್ಳು ಅನ್ನು, ನೋಡಾನ. ಈ ಮಗೀನ ಮುಖ ನೋಡ್ಕೊಂಡು ಸುಳ್ಳು ಅನ್ನು."

ಅರುಳಪ್ಪ ಮಗುವಿನ ಕಡೆ ನೋಡಲಿಲ್ಲ. ಅಂಗಳ ದಾಟಿ ಹೋದ. ಸ್ವಲ್ಪ ಹೊತ್ತಿಗೆ ಬೈಕಿನ ಸದ್ದು ದೂರವಾಯಿತು. ಚೌರಪ್ಪ ಮಾತೆಯವರ ಪಾದಕ್ಕೆ ಬಾಗಹೋದ. ಅವರು ಅವನ ತೋಳು ಹಿಡಿದು ಮಗಳ ಕಡೆಗೆ ತಿರುಗಿಸಿದರು.

"ಕ್ಷಮೆ ಅಲ್ಲಿ ಕೇಳಿ," ಎಂದರು. ಅಷ್ಟು ಹೇಳಿ ಮತ್ತೆ ಬೋಗುಣಿಯ ಮುಂದೆ ಕುಳಿತರು.

ತಂದೆ ಮಗಳ ನಡುವೆ ಏನು ಮಾತಾಯಿತೆಂಬುದನ್ನು ಚೌರಪ್ಪ ಯಾರಿಗೂ ಹೇಳಲಿಲ್ಲ. ಅವಳ ಕೈಯ ಗಾಯಕ್ಕೆ ಇನ್ನೂ ಮದ್ದು ಬೇಕಿತ್ತಾದ್ದರಿಂದ ಅವಳನ್ನು ಮಾತೆಯವರ ಬಳಿಯಲ್ಲೇ ಬಿಟ್ಟು ಒಬ್ಬನೇ ಊರಿಗೆ ಬಂದ. ಸುದ್ದಿ ಅವನಿಗಿಂತ ಮುಂದೆ ಬಂದಿತ್ತು. ಉಪದೇಶಿಯೇ ಮಗಳ ಸಂಸಾರ ಮುರಿದು ಬಂದನೆಂದು ಕಲ್ಲುಬಾವಿಯೆಲ್ಲ ಮಾತಾಡುತ್ತಿತ್ತು. ಮುಂದಿನ ಭಾನುವಾರ ಯೇಸು, ಮರಿಯಮ್ಮ, ಜೋಸೆಫರ ಪವಿತ್ರ ಕುಟುಂಬದ ಹಬ್ಬ. ಬಲಿಪೂಜೆಗೆ ಮುಂಚೆ ಎದ್ದುನಿಂತು ನಾಲ್ಕು ಮಾತು ಹೇಳುವುದು ಉಪದೇಶಿಯ ವಾಡಿಕೆ. ಈ ಸಲ ಸುಮ್ಮನಿದ್ದರೆ ಒಳ್ಳೆಯದೆಂದು ಊರಿನ ಹಿರಿಯ ಜೋಜಪ್ಪ ದೇವಾಲಯದ ಮೆಟ್ಟಿಲ ಮೇಲೆಯೇ ಅವನಿಗೆ ಎಚ್ಚರಿಕೆ ಕೊಟ್ಟ.

ಚೌರಪ್ಪ ಸುಮ್ಮನಿರಲಿಲ್ಲ. ಪೀಠಕ್ಕೆ ನಮಿಸಿ ಜನರ ಕಡೆ ತಿರುಗಿದ.

"ನನ್ ಮಗ್ಳು ಗಂಡನ ಮನೆ ಬಿಟ್ಟು ಬಂದವ್ಳೆ," ಎಂದ. "ಬಂದಿದ್ದು ಸರಿ. ನಾನು ಮೊದ್ಲೇ ಬಾ ಅನ್ನಬೇಕಿತ್ತು. ಪವಿತ್ರ ಕುಟುಂಬ ಅಂದ್ರೆ ಹೊಡೆತ ತಿಂದ್ಕೊಂಡು ಒಂದೇ ಸೂರಿನಡಿ ಇರೋದು ಅಂತ ಇಷ್ಟು ವರ್ಷ ನಿಮಗೆ ಹೇಳ್ದೆ. ಅದು ನನ್ ಮಾತು. ದೇವರ ಮಾತಲ್ಲ. ಕೂಸಿಗೆ ಅಪಾಯ ಬಂದಾಗ ದೇವರು ಹೇಳಿದ್ದು ಎದ್ದೇಳು ಅಂತ. ಹಾಗೆ ಏಳಬೇಕು ಅನ್ನೋರು ಈ ಊರಲ್ಲಿ ಯಾರಿದ್ರೂ, ನನ್ ಮನೆಗೆ ಬನ್ನಿ. ಎಲೆಅಡಿಕೆ ಕೊಟ್ಟು ಹಿಂದಕ್ಕೆ ಕಳಿಸೋನಲ್ಲ ನಾನು ಇನ್ಮೇಲೆ."

ಗಂಡಸರ ಕಡೆಯಿಂದ ಜೋಜಪ್ಪ ಮೊದಲು ಎದ್ದು ಹೊರಗೆ ನಡೆದ. ಅವನ ಹಿಂದೆ ಇನ್ನೂ ಕೆಲವರು ನಡೆದರು. ಹೆಂಗಸರ ಕಡೆಯಿಂದ ಯಾರೂ ಏಳಲಿಲ್ಲ. ಎಲ್ಲರೂ ಚೌರಪ್ಪನನ್ನೇ ನೋಡುತ್ತ ಕೂತಿದ್ದರು. ಗುರುಗಳು ಬಂದರು, ಪೂಜೆ ನಡೆಯಿತು.

ಪೂಜೆ ಮುಗಿದು ಜನ ಚೆದುರಿದ ಮೇಲೆ ಚೌರಪ್ಪ ಪೀಠದ ಮೇಣದಬತ್ತಿಗಳನ್ನು ಆರಿಸುತ್ತಿದ್ದ. ಹಿಂದೆ ಯಾರೋ ನಿಂತಂತಾಯಿತು. ಜೋಜಪ್ಪನ ಹೆಂಡತಿ ಇನ್ನಾಸಮ್ಮ. ನರೆತ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಜಪಸರ ಹಿಡಿದಿದ್ದಳು. ಹಿಂದೊಮ್ಮೆ ಅವಳನ್ನೂ ಅವನು ತಾಳ್ಕೊಳವ್ವ ಎಂದು ಹೇಳಿ ಕಳಿಸಿದ್ದ.

"ಉಪದೇಶಿಗಳೇ," ಎಂದಳು ಅವಳು, "ಹಾಲುದೊಡ್ಡಿ ಬಸ್ಸು ಎಷ್ಟೊತ್ತಿಗೆ?"

ಚೌರಪ್ಪ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟ.

"ನಡಿಯವ್ವ," ಎಂದ. "ನಾನೂ ಬತ್ತೀನಿ."

ಇಬ್ಬರೂ ದೊಡ್ಡ ಬಾಗಿಲಿನಿಂದಲೇ ಹೊರಗೆ ಬಂದು, ಮೆಟ್ಟಿಲ ಬಳಿ ಗುಂಪುಕಟ್ಟಿ ನಿಂತಿದ್ದ ಗಂಡಸರ ನಡುವೆ ಹಾದು, ರಸ್ತೆಯ ಕಡೆಗೆ ನಡೆದರು.