ಕಲ್ಹೊಳೆಯ ರಕ್ಕಸನೂ ಹೊಂಗೆಯೆಣ್ಣೆಯ ಜವರನೂ

"ಕೇಳಿರಪ್ಪೋ ಕೇಳಿ! ಕಲ್ಹೊಳೆಯ ದೋಣಿಯನ್ನು ರಕ್ಕಸ ಹಿಡಿದಿಟ್ಟಿದ್ದಾನೆ. ಅವನ ಮೂರು ಒಗಟು ಬಿಡಿಸಿ ದೋಣಿ ಬಿಡಿಸಿದವರಿಗೆ ಬೇಡಿದ್ದು ಕೊಡುವುದಾಗಿ ಬಂಕರಸ ಮಹಾಸ್ವಾಮಿಯವರ ಅಪ್ಪಣೆ! ತಪ್ಪಿದವರು ಅವನ ಬಾಯಿಗೆ ತುತ್ತು!" ಎಂದು ಡಂಗುರದವನು ಊರೆಲ್ಲ ಸಾರಿದ.

ರಾಜರೂ ಇದ್ದ, ಡೀಸೆಲ್ ಎಂಜಿನ್ನೂ ಬಂದಿದ್ದ ಕಾಲ ಅದು. ಅರಸನ ಎಂಜಿನ್ ದೋಣಿ ಕಾರುತ್ತಿದ್ದ ಕರಿ ಹೊಗೆ ದಂಡೆಯ ಗವಿಗೆ ನುಗ್ಗಿ, ಅಲ್ಲಿದ್ದ ರಕ್ಕಸನ ಮುದಿ ತಾಯಿ ಕೆಮ್ಮಿ ಕೆಮ್ಮಿ ಸೋತಿದ್ದಳು. ರೇಗಿದ ರಕ್ಕಸ ದೋಣಿಯನ್ನು ದಡಕ್ಕೆಳೆದು ಅದರ ಮುಂದೆ ಕೂತುಬಿಟ್ಟ.

ಮೊದಲು ದಳವಾಯಿ ಹೋದ.

"ಮರದಲ್ಲಿ ಹುಟ್ಟಿದವಳೊಬ್ಬಳು, ಮಣ್ಣಿನಾಳದಲ್ಲಿ ಹುಟ್ಟಿದವಳೊಬ್ಬಳು. ಇಬ್ಬರೂ ಒಂದೇ ಕೊಡದಲ್ಲಿ ಬಾಳುತ್ತಾರೆ. ಮರದವಳು ಮಿತವಾಗಿದ್ದರೆ ಮನೆ ನಡೆಯುತ್ತದೆ, ಅತಿಯಾದರೆ ಬಾಗಿಲೇ ಕಟ್ಟಿಕೊಳ್ಳುತ್ತದೆ. ಯಾರವರು?" ಎಂದ ರಕ್ಕಸ.

"ಜೇನು, ಉಪ್ಪು!" ಎಂದ ದಳವಾಯಿ. ರಕ್ಕಸ ಅವನನ್ನೆತ್ತಿ ಗವಿಯೊಳಗೆ ಹಾಕಿ ಬಂಡೆ ಮುಚ್ಚಿದ. ಅಮಾವಾಸ್ಯೆಯ ಊಟಕ್ಕಂತೆ.

ಆಮೇಲೆ ಬಂದ ರೇಷ್ಮೆ ವ್ಯಾಪಾರಿ ಎರಡೂ ಎಣ್ಣೆಗಳೆಂದು ಊಹಿಸಿ ಮೊದಲನೆಯದನ್ನು ದಾಟಿದ.

"ಸಾಧುವಾದ ಮೇಲೆ ಹೆಚ್ಚು ಉಣ್ಣುತ್ತಾನೆ, ತುಸು ಕಡಿಮೆ ದುಡಿಯುತ್ತಾನೆ. ಆದರೂ ಊರಿಗೆ ಅವನೇ ಬೇಕು. ಯಾರು?"

"ಇನ್ಯಾರು, ಮನೆ ಅಳಿಯ!"

ರಕ್ಕಸ ಹೊಟ್ಟೆ ಹಿಡಿದು ನಕ್ಕ. ನಕ್ಕು ಅವನನ್ನೂ ಗವಿಗೆ ಸೇರಿಸಿದ.

ಗಾಣದ ಕೇರಿಯ ಜವರನಿಗೆ ಬಹುಮಾನದ ಆಸೆಯಿರಲಿಲ್ಲ. ಆಚೆ ದಡದಲ್ಲಿ ಅವನ ಅಕ್ಕ ತುಂಬು ಬಸುರಿ. ಸೂಲಗಿತ್ತಿ ಈಚೆ ದಡದಲ್ಲೇ ಉಳಿದುಬಿಟ್ಟಿದ್ದಳು.

"ಇರೋನು ಒಬ್ಬ ಮಗ, ನೀನೂ ಹೋದರೆ ನನ್ನ ಗತಿಯೇನೋ?" ಎಂದು ಅವ್ವ ಅತ್ತಳು.

"ಅಕ್ಕನಿಗೇನಾದರೂ ಆದರೆ ಇಲ್ಲಿದ್ದು ನಾನೇನು ಸುಖ ಕಾಣ್ಲಿ, ಅವ್ವ?" ಎಂದು ಜವರ ಹೊರಟ.

ಮೊದಲ ಒಗಟು ಕೇಳಿದ್ದೇ ಅವನಿಗೆ ಮನೆಯ ಗಾಣ ನೆನಪಾಯಿತು. ಅದನ್ನು ತಿರುಗಿಸುವ ಪುಟ್ಟ ಎಂಜಿನ್ನಿಗೆ ಡೀಸೆಲ್ ಸಾಲದಾದಾಗ ಅವ್ವನೂ ಅವನೂ ಹೊಂಗೆಯೆಣ್ಣೆ ಬೆರೆಸುತ್ತಿದ್ದರು.

"ಮರದವಳು ಹೊಂಗೆಯೆಣ್ಣೆ, ಮಣ್ಣಿನವಳು ಡೀಸೆಲ್. ಐದು ಪಾಲಲ್ಲಿ ಒಂದು ಪಾಲು ಹೊಂಗೆಯಿದ್ದರೆ ಎಂಜಿನ್ ಸಲೀಸಾಗಿ ಓಡ್ತದೆ. ಜಾಸ್ತಿಯಾದರೆ ಎಣ್ಣೆ ಮಂದವಾಗಿ, ಅದು ಚಿಮ್ಮೋ ಸಣ್ಣ ತೂತು ಕಟ್ಕೊಳ್ತದೆ."

"ಸರಿ. ಸಾಧುವಾದ ಮೇಲೆ ಹೆಚ್ಚು ಉಂಡು, ತುಸು ಕಡಿಮೆ ದುಡಿಯೋನು ಯಾರು?" ಎಂದ ರಕ್ಕಸ.

"ಅದೇ ಎಂಜಿನ್ನು. ಬೆರಕೆ ಎಣ್ಣೆ ಕುಡಿದರೆ ಕರಿ ಹೊಗೆ ಇಳಿದು ಸಾಧುವಾಗ್ತದೆ. ಆದರೆ ಹೊಂಗೆಯಲ್ಲಿ ಕಾವು ಕಮ್ಮಿ. ಅದಕ್ಕೇ ಎಣ್ಣೆ ತುಸು ಹೆಚ್ಚು ಬೇಕು, ಎಳೆತ ತುಸು ಕಮ್ಮಿ."

ಗವಿಯ ಬಾಯಲ್ಲಿ ಕೂತಿದ್ದ ಮುದುಕಿ ತಲೆದೂಗಿದಳು. ರಕ್ಕಸ ಮುಂದಕ್ಕೆ ಬಗ್ಗಿದ.

"ಒಂದೇ ಬಾಗಿಲಿಂದ ಇಬ್ಬರು ಕಳ್ಳರು ಬರ್ತಾರೆ. ಕರಿಯನನ್ನು ಅಡಗಿಸಿದರೆ ಕಾಣದವನು ಕೊಬ್ತಾನೆ. ಆ ಕಾಣದವನು ಯಾರು? ಅವನನ್ನು ಪಳಗಿಸೋದು ಹೇಗೆ?"

ಕರಿಯ ಅಂದರೆ ಮಸಿ, ಅದು ಗೊತ್ತಾಯಿತು. ಇನ್ನೊಬ್ಬ ಯಾರು? ಸುಮ್ಮನೆ ಊಹಿಸಿದರೆ ಪ್ರಾಣ ಹೋಗುತ್ತದೆ.

"ಸ್ವಾಮಿ, ಬೆರಕೆ ಎಣ್ಣೆ ಹಾಕಿ ದೋಣಿ ಎಂಜಿನ್ ಹಚ್ಚೋಕೆ ಬಿಡಿ. ನೋಡಿ ಹೇಳ್ತೀನಿ" ಎಂದ.

ರಕ್ಕಸ ಒಪ್ಪಿದ. ಜವರ ಮನೆಯಿಂದ ಹೊಂಗೆಯೆಣ್ಣೆ ತಂದು ಡೀಸೆಲ್‌ಗೆ ಬೆರೆಸಿ ಹಚ್ಚಿದ. ಎಂಜಿನ್ ಗುಡುಗುಟ್ಟಿತು. ಕೊಳವೆಯಿಂದ ಬಂದ ಹೊಗೆ ತೆಳ್ಳಗಿತ್ತು. ಆದರೆ ಹತ್ತಿರ ಬಗ್ಗಿದ್ದೇ ಜವರನ ಕಣ್ಣು ಉರಿದು ನೀರು ಬಂತು, ಮೂಗು ಚುರುಗುಟ್ಟಿತು. ಎಂಜಿನ್ನಿನ ಮೈ ಮುಟ್ಟಿ ಕೈ ಸುಟ್ಟುಕೊಂಡ. ಒಳಗಿನ ಕಾವು ಸಿಕ್ಕಾಪಟ್ಟೆ ಏರಿತ್ತು. ಆ ಕಾವು ಇಳಿಸಲೆಂದು, ಎಣ್ಣೆ ಚಿಮ್ಮುವ ಹೊತ್ತನ್ನು ತಿರುಪು ತಿರುಗಿಸಿ ಕೊಂಚ ತಡಮಾಡಿ ಮತ್ತೆ ಬಗ್ಗಿ ನೋಡಿದ. ಕಣ್ಣುರಿ ಇಳಿದಿತ್ತು.

"ಸಿಕ್ಕಿದ! ಅತಿ ಕಾವಿನಲ್ಲಿ ಗಾಳಿಯೇ ಬೆಂದು ಹುಟ್ಟೋ ವಿಷದ ಹೊಗೆ ಅವನು. ಕಣ್ಣಿಗೆ ಕಾಣಲ್ಲ, ಕಣ್ಣನ್ನೇ ಉರಿಸ್ತಾನೆ. ಒಳಗಿನ ಕಾವು ಇಳಿಸಿದರೆ ಪಳಗ್ತಾನೆ. ಆದರೆ ತೀರಾ ಇಳಿಸಿದರೆ ಕರಿಯ ಮತ್ತೆ ಏಳ್ತಾನೆ. ಇಬ್ಬರ ಮೇಲೂ ಕಣ್ಣಿಡಬೇಕು."

ಮುದುಕಿ ಉದ್ದಕ್ಕೆ ಉಸಿರೆಳೆದುಕೊಂಡಳು. ಕೆಮ್ಮು ಬರಲಿಲ್ಲ. "ಬಂಡೆ ತೆಗೆಯೋ ಮಗನೇ" ಎಂದಳು. ದಳವಾಯಿಯೂ ವ್ಯಾಪಾರಿಯೂ ಧೂಳು ಕೊಡವಿಕೊಂಡು ಈಚೆ ಬಂದರು.

ಸುದ್ದಿ ತಿಳಿದು ಅರಸನೇ ದಂಡೆಗೆ ಬಂದ. "ಏನು ಬೇಕು ಕೇಳು."

"ಸೂಲಗಿತ್ತಿಯನ್ನು ಈಗಲೇ ಆಚೆ ದಡಕ್ಕೆ ಬಿಡಬೇಕು ಬುದ್ಧಿ. ಆಮೇಲೆ ಈ ದೋಣಿ ನಡೆಸೋ ಕೆಲಸ ನನಗೇ ಕೊಡಿ."

"ಕೊಟ್ಟೆ. ದೋಣಿಯೂ ನಿನ್ನದೇ."

ಸೂಲಗಿತ್ತಿ ಹತ್ತಿದಳು, ಜವರ ಎಂಜಿನ್ ಹಚ್ಚಿದ. ಅಷ್ಟರಲ್ಲಿ ರಕ್ಕಸ ನಾಚುತ್ತ ಹತ್ತಿರ ಬಂದ.

"ನನಗೆ ಈಜು ಬರಲ್ಲ ಕಣೋ. ಹುಟ್ಟಿದಾಗಿಂದ ಆಚೆ ದಡ ಕಂಡಿಲ್ಲ. ಬರ್ಲಾ?"

"ಬನ್ನಿ. ನಡುವೆ ಕೂತ್ಕೋಬೇಕು, ಹೊಳೆ ಮಧ್ಯೆ ಎದ್ದು ನಿಲ್ಲಬಾರದು."

ಅವನ ಭಾರಕ್ಕೆ ದೋಣಿ ಅಂಚಿನವರೆಗೂ ನೀರಿಗಿಳಿಯಿತು. ರಕ್ಕಸ ಎರಡೂ ಕೈಯಲ್ಲಿ ಹಲಗೆ ಹಿಡಿದು, ಕಣ್ಣರಳಿಸಿಕೊಂಡು, ಅಲುಗಾಡದೆ ಆಚೆ ದಡದವರೆಗೂ ಕೂತಿದ್ದ.